ಅಜ್ಜನ ಗದ್ದಿಗೆಗೆ ಒಂದು ಪ್ರತಿ

ಮೂವತ್ತು ವರ್ಷ ಹತ್ತು ಬೆರಳಿನಿಂದ ಟೈಪು ಮಾಡಿದವಳು ಈಗ ಒಂದೇ ಬೆರಳಿನಿಂದ ಈ ಫೋನನ್ನು ಕುಟ್ಟುತ್ತಿದ್ದೇನೆ. ಕಲಿತು ಇಪ್ಪತ್ತು ದಿನವಾಯಿತು. ಕಲಿಸಿದವಳು ಮೊಮ್ಮಗಳು. ಪರದೇಶಕ್ಕೆ ಮಾಲು ಕಳಿಸುವ ಒಂದು ಕಂಪನಿಯಲ್ಲಿ ಅವಳಿಗೆ ಈಚೆಗೆ ಕೆಲಸ ಸಿಕ್ಕಿದೆ. ಮೊದಲ ದಿನ ಮುಗಿಸಿ ಮನೆಗೆ ಬಂದವಳೇ, "ಆಯಿ, ನಮ್ಮ ಕಂಪನಿ ಹನ್ನೊಂದ ದೇಶದಾಗ ಐತಿ. ಎಲ್ಲಾ ಮಾರ್ಕೆಟ್ ಸ್ಟಡಿ ಮಾಡೇ ಹೋಗ್ಯಾರ" ಅಂದಳು.

ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು.

"ನಗೂದ್ಯಾಕ? ನಿನಗ ಏನ್ ಗೊತ್ತೈತಿ ಬರದ ಕೊಡ. ನಮ್ಮ ಆಫೀಸಿನ ಹುಡುಗ್ರೆಲ್ಲಾ ಓದ್ತೀವಿ."

ಹಾಗಾಗಿ ಇದು ಆ ಹುಡುಗರಿಗೆ. ಅಕ್ಷರ ತಪ್ಪಿದ್ದರೆ ಫೋನನ್ನು ಬಯ್ಯಿರಿ. ನಾನು ಒಂದು ಒತ್ತಿದರೆ ಇದು ಇನ್ನೊಂದು ಸೂಚಿಸುತ್ತದೆ. ನನ್ನ ಮನಸ್ಸಿನಲ್ಲಿರುವುದು ನನಗಿಂತ ಮೊದಲೇ ತಮಗೆ ಗೊತ್ತು ಅನ್ನುವ ಹಾಗೆ ನಡೆದುಕೊಳ್ಳುವವರನ್ನು ನಾನು ಮೊದಲಿನಿಂದಲೂ ನಂಬಿದವಳಲ್ಲ.

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆ. ನೀರಿನ ಪೈಪಿಗೆ ಹಾಕುವ ವಾಲ್ವ್ ಮಾಡುತ್ತಿದ್ದೆವು. ಮಾಲೀಕರು ಚನ್ನಬಸಪ್ಪನವರು. ಎಲ್ಲರೂ ಅವರನ್ನು ಸಾವ್ಕಾರ್ರು ಅಂತಲೇ ಕರೆಯುತ್ತಿದ್ದೆವು. ಟೆಲಿಫೋನ್ ಬೋರ್ಡು, ಟೈಪು, ಫ್ಯಾಕ್ಸು ಮೂರೂ ನನ್ನ ಪಾಲಿಗಿದ್ದವು. ಬಾಗಿಲ ಪಕ್ಕದಲ್ಲೇ ನನ್ನ ಮೇಜು. ಒಳಗೆ ಬರುವ ಮನುಷ್ಯರೂ ಹೊರಗೆ ಹೋಗುವ ಕಾಗದವೂ ನನ್ನನ್ನು ದಾಟಿಯೇ ಹೋಗಬೇಕು. ಬಡ್ತಿಯ ಮಾತು ಬೇಡ. ಒಂದೇ ಒಂದು ಸಿಕ್ಕಿತ್ತು: ಸ್ಟೂಲು ಹೋಗಿ ಕೈ ಇರುವ ಕುರ್ಚಿ ಬಂತು.

ಒಬ್ಬರ ಫೋನನ್ನು ಇನ್ನೊಬ್ಬರಿಗೆ ಜೋಡಿಸಿಕೊಟ್ಟ ಕೂಡಲೇ ರಿಸೀವರನ್ನು ಕಿವಿಯಿಂದ ತೆಗೆಯಬೇಕು ಅನ್ನುವುದು ಆ ಕೆಲಸದ ನಿಯಮ. ನಾನು ತೆಗೆಯುತ್ತಿದ್ದೆ. ಸ್ವಲ್ಪ ತಡವಾಗಿ.

ಈ ಕೆಲಸ ನನಗೆ ಸಿಕ್ಕಿದ್ದೂ ವಶೀಲಿಯಿಂದಲೇ. ನಮ್ಮದು ಖಾನಾಪುರದ ಕಡೆ ಕುರಿ ಮೇಯಿಸುವ ಮನೆತನ. ಸುಗ್ಗಿ ಮುಗಿದ ಮೇಲೆ ಅಪ್ಪ ನಮ್ಮ ಹಿಂಡನ್ನು ರಾತ್ರಿ ಸಾವ್ಕಾರರ ಹೊಲದಲ್ಲಿ ತರುಬಿ ನಿಲ್ಲಿಸುತ್ತಿದ್ದ. ಹೊಲಕ್ಕೆ ಗೊಬ್ಬರ, ನಮಗೆ ಜೋಳ. ಸಾವ್ಕಾರರ ತಾಯಿ ನೀಲವ್ವನವರು ನಾನು ಮೆಟ್ರಿಕ್ ಪಾಸಾಗಿ ಟೈಪು ಕಲಿತದ್ದು ಕೇಳಿ, ಮಗನಿಗೆ, "ನಮ್ಮ ಕುರಿ ತರುಬಾವನ ಮಗಳು, ಕುಂದ್ರಾಕ ಒಂದು ಸ್ಟೂಲು ಕೊಡು" ಅಂದರಂತೆ. ಅದಕ್ಕೇ ಸ್ಟೂಲು ಕೊಟ್ಟಿದ್ದು.

ಅಪ್ಪನ ಒಂದು ಪದ್ಧತಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮೇಲಿಂದ ಮೇಲೆ ಕುರಿ ಕಾಣೆಯಾದರೆ ಅಪ್ಪ ಯಾರ ಮೇಲೂ ಬಾಯಿ ಮಾಡುತ್ತಿರಲಿಲ್ಲ. ಒಂದು ಕುರಿಯ ಹೊಟ್ಟೆಯಡಿ, ಕಣ್ಣಿಗೆ ಬೀಳದ ಜಾಗದಲ್ಲಿ, ಕೆಮ್ಮಣ್ಣಿನ ಗೀಟು ಎಳೆದು ಬಿಡುತ್ತಿದ್ದ. ಅದು ಕಾಣೆಯಾದ ದಿನ ಹಟ್ಟಿಯಿಂದ ಹಟ್ಟಿಗೆ ಎಲೆ ಅಡಿಕೆ ಕೇಳುತ್ತ ಹೋಗುತ್ತಿದ್ದ. ಗೀಟು ಕಂಡಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಿದ್ದ. ಮಾತಾಡುತ್ತಿರಲಿಲ್ಲ. ಎದುರಿನವನೇ ಬೆವರುತ್ತಿದ್ದ.

ಈಗ ನಮ್ಮ ಕಂಪನಿ ಪರದೇಶಕ್ಕೆ ಹೋದ ಬಗೆ ಕೇಳಿ. ಎರಡು ಸಾವಿರದ ಇಸವಿಯ ಆಸುಪಾಸು. ಸಾವ್ಕಾರರ ಒಬ್ಬಳೇ ಮಗಳು ಗೌರಿಯನ್ನು ಖಾನಾಪುರದ ಗೋಡಂಬಿ ವ್ಯಾಪಾರಿ ಬಾಳಪ್ಪನವರ ಮಗನಿಗೆ ಕೊಟ್ಟರು. ಮದುವೆಯ ಊಟಕ್ಕೆ ಬೀಗರಿಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರು. ನಾನು ಎದುರಿನ ಸಾಲಿನಲ್ಲಿ ಹೋಳಿಗೆಯ ಮೇಲೆ ಕಣ್ಣಿಟ್ಟು, ಕಿವಿ ಆ ಕಡೆ ಬಿಟ್ಟು ಕೂತಿದ್ದೆ.

"ನಮ್ಮ ಅಕ್ಕನ ಮಗ ಶಾರ್ಜಾದಾಗ ಅದಾನ್ರೀ ಬೀಗರ. ಪೈಪು, ನಳ ಇಂಥಾವ ಮಾರತಾನ. ನಿಮ್ಮ ವಾಲ್ವ್ ನಾಕ ಕಳಸ್ರಲಾ, ನೋಡೂಣು" ಅಂದರು ಬಾಳಪ್ಪ.

"ಶಾರ್ಜಾ ಎಲ್ಲಿ ಬರತೈತ್ರಿ?"

"ದುಬೈ ಬಾಜೂಕ."

"ಹಂಗಾರ ಕಳಸೂಣು. ಹೋಳಿಗಿ ತೊಗೋರಿ."

ಮಾರ್ಕೆಟ್ ಸ್ಟಡಿ ಅಲ್ಲಿಗೆ ಮುಗಿಯಿತು. ಭೂಪಟ ತರಿಸಿ ನೋಡಿದ್ದು ಮೊದಲ ಆರ್ಡರು ಬಂದ ಮೇಲೆ. ಅದೂ ಗೌರಿ ಸಾಲಿಯಲ್ಲಿ ಓದಿದ್ದ ಹಳೆಯ ಪುಸ್ತಕದ ಭೂಪಟ.

ಮಾದರಿಯ ವಾಲ್ವ್ ಹೋದದ್ದು ಕೊರಿಯರಿನಲ್ಲಲ್ಲ. ಖಾನಾಪುರದಿಂದ ಆ ಕಡೆ ನೌಕರಿಗೆ ಹೊರಟಿದ್ದ ಒಬ್ಬನ ಪೆಟ್ಟಿಗೆಯಲ್ಲಿ, ಕೌದಿಯಲ್ಲಿ ಸುತ್ತಿಸಿಕೊಂಡು, ಎರಡು ಕಿಲೋ ಕುಂದಾ ಮಿಠಾಯಿಯ ಜೊತೆ ಹೋಯಿತು. ವಾರವಾದ ಮೇಲೆ ಬಾಳಪ್ಪನವರ ಆ ಶಾರ್ಜಾದ ಸೋದರಳಿಯ ಫೋನು ಮಾಡಿ ಮೂರು ನಿಮಿಷ ಕುಂದಾ ಹೊಗಳಿದ. ವಾಲ್ವಿನ ಸುದ್ದಿಗೆ ಅರ್ಧ ನಿಮಿಷ ಉಳಿದಿತ್ತು. ಆಗಲೇ ನನಗೆ ಅವನ ಮೇಲೆ ಸಂಶಯ. ಸಾವ್ಕಾರರಿಗೆ ಮಾತ್ರ ಖುಷಿ. "ನಮ್ಮ ಮನಿ ಹುಡುಗ" ಅಂದರು. ಪರದೇಶದಲ್ಲಿ ಇರುವವನು ಬೀಗರ ಅಕ್ಕನ ಮಗನಾಗಿದ್ದರೆ ಅದು ಪರದೇಶ ಅಂತ ಅವರಿಗೆ ಅನಿಸುತ್ತಿರಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಶಾರ್ಜಾದಿಂದ ವಿಚಾರಣೆ ಬಂದರೆ ನಾವು ಒಂದು ದರ ಬರೆದು ಕಳಿಸಬೇಕು. ಸಾವ್ಕಾರರು ಮನಸ್ಸಿನಲ್ಲಿ ಎರಡು ದರ ಇಟ್ಟುಕೊಳ್ಳುತ್ತಿದ್ದರು. ಒಂದು ಕಾಗದದಲ್ಲಿ ಕಾಣಿಸುವ ದರ, ಇನ್ನೊಂದು ಇದಕ್ಕಿಂತ ಕೆಳಗೆ ಇಳಿಯಲಾರೆ ಅನ್ನುವ ಕೊನೆಯ ದರ. ಕೊನೆಯದು ಗೊತ್ತಿದ್ದದ್ದು ಅವರಿಗೆ ಮತ್ತು ಹೊರದೇಶದ ಫೈಲು ನೋಡುತ್ತಿದ್ದ ಡಿಸೋಜಾ ಅವರಿಗೆ. ಡಿಸೋಜಾ ಬೆಳಗಾವಿಯ ಕ್ಯಾಂಪ್ ಬಡಾವಣೆಯವರು. ಇಸ್ತ್ರಿ ಕೆಡದ ಅಂಗಿ, ಮೆಲ್ಲಗಿನ ಮಾತು.

ನಾನು ಟೈಪು ಮಾಡುವಾಗ ಮೂರು ಪ್ರತಿ ತೆಗೆಯುತ್ತಿದ್ದೆ. ಒಂದು ಫ್ಯಾಕ್ಸಿಗೆ, ಒಂದು ಫೈಲಿಗೆ, ಮೂರನೆಯದು ಅಜ್ಜನ ಪ್ರತಿ. ಖಾನಾಪುರದಲ್ಲಿ ಮಲಪ್ರಭೆಯ ದಂಡೆಗೆ ಸಾವ್ಕಾರರ ತೋಟವಿದೆ. ಅಲ್ಲಿ ಅವರ ಮನೆತನದ ಹಿರಿಯರೊಬ್ಬರ ಸಮಾಧಿಯ ಗದ್ದಿಗೆ ಇದೆ, ಅವರೇ ಅಜ್ಜ. ಹೊಸ ಕೆಲಸ ಯಾವುದೇ ಇರಲಿ, ಸೋಮವಾರ ಬೆಳಿಗ್ಗೆ ಕಾಗದವನ್ನು ಗದ್ದಿಗೆಯ ಮೇಲಿಟ್ಟು ತೆಂಗಿನಕಾಯಿ ಹೇರಿ ಬರುತ್ತಿದ್ದರು. ಮುಂದಿನ ಸೋಮವಾರದ ತನಕ ಅದು ಅಲ್ಲೇ. ಇಟ್ಟ ಮರುದಿನ, ಮಂಗಳವಾರ, ನಾನು ಫ್ಯಾಕ್ಸು ಮಾಡಬೇಕು. ಅಜ್ಜನಿಗಿಂತ ಮೊದಲು ಶಾರ್ಜಾಕ್ಕೆ ಹೋಗುವ ಹಾಗಿಲ್ಲ.

ಆ ಮಳೆಗಾಲಕ್ಕೆ ಹೊಸ ಫ್ಯಾಕ್ಸ್ ಯಂತ್ರ ಬಂತು. ಹಳೆಯದರಲ್ಲಿ ಬರಹ ಕೆಳಮುಖವಾಗಿ ಇಡಬೇಕು, ಹೊಸದರಲ್ಲಿ ಮೇಲ್ಮುಖವಾಗಿ. ತಂದವನು ಹೇಳಿಯೇ ಹೋಗಿದ್ದ. ಕೈಗೆ ಮಾತ್ರ ಹಳೆಯ ರೂಢಿ. ಆ ಮಂಗಳವಾರ ನಾನು ದರದ ಕಾಗದವನ್ನು ಮಗುಚಿ ಇಟ್ಟು ಕಳಿಸಿದೆ. ಯಂತ್ರ ಸಂತೋಷದಿಂದ ಕಿರುಗುಟ್ಟಿ ಸರಿಯಾಗಿ ಹೋಯಿತು ಅಂತ ಚೀಟಿ ಕೊಟ್ಟಿತು. ಬುಧವಾರ ಶಾರ್ಜಾದ ಉತ್ತರ: ನಿಮ್ಮ ದರ ಜಾಸ್ತಿ, ಮೂವತ್ತಮೂರು ದಿರಹಮ್ಮಿಗೆ ಕೊಡಿ. ಸಾವ್ಕಾರರು ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಮೂವತ್ತಮೂರೇ ಅವರ ಕೊನೆಯ ದರವಾಗಿತ್ತು.

ಗುರುವಾರ ಫೈಲು ಹಚ್ಚುವಾಗ ಯಂತ್ರ ಕೊಟ್ಟ ಚೀಟಿ ನೋಡಿದೆ. ಹೊಸ ಯಂತ್ರ ತಾನು ಕಳಿಸಿದ ಹಾಳೆಯ ಸಣ್ಣ ಚಿತ್ರವನ್ನೂ ಅದರ ಮೇಲೆ ಮೂಡಿಸುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಬರೀ ಬಿಳಿ. ಮೊದಲು ನನ್ನ ತಪ್ಪಿಗೆ ಹೆದರಿದೆ. ಆಮೇಲೆ ಹೊಳೆಯಿತು. ಖಾಲಿ ಹಾಳೆ ನೋಡಿದವನು ದರ ಜಾಸ್ತಿ ಅಂತ ಹೇಗೆ ಹೇಳಿದ? ನಾವು ಕಾಣಿಸದೇ ಇದ್ದ ದರ ಕಂಡವನು, ಕೊನೆಯ ದರವನ್ನೂ ಹೇಗೆ ಕಂಡ?

ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಹೇಳಬೇಕಾದರೆ ಖಾಲಿ ಹಾಳೆ ಕಳಿಸಿದ್ದನ್ನು ಒಪ್ಪಿಕೊಳ್ಳಬೇಕಿತ್ತು. ಶನಿವಾರ ಸಾವ್ಕಾರರ ಮುಂದೆ ಚೀಟಿ ಇಟ್ಟೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.

"ಒಳಗಿನವ್ರು ಯಾರೋ ಹೇಳ್ಯಾರ. ಕೊನಿ ದರ ನಾ ಹೇಳಿದ್ದು ಡಿಸೋಜಾಗ ಒಬ್ಬಗ. ನಿಮಗ ಏನರೆ ಗೊತ್ತೈತೇನು ಶಾಂತಾಬಾಯಿ?"

ಇಲ್ಲಿ ನಾನು ಮಾಡಿದ್ದನ್ನು ಕೇಳಿ. ಡಿಸೋಜಾ ಅವರ ಹೆಂಡತಿಯ ಅಣ್ಣ ಮಸ್ಕತ್ತಿನಲ್ಲಿದ್ದರು. ಆ ಹದಿನೈದು ದಿನದಲ್ಲಿ ಡಿಸೋಜಾ ಅವರಿಗೆ ನಾಲ್ಕು ಸಲ ಫೋನು ಮಾಡಿದ್ದರು. ಮಾತು ಕೊಂಕಣಿಯಲ್ಲಿ. ನನಗೆ ಮರಾಠಿ ಬರುವುದರಿಂದ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ನಾನೇ ತುಂಬಿಕೊಳ್ಳುತ್ತಿದ್ದೆ. ಡಿಸೋಜಾ 'ರೇಟ್' ಅಂದದ್ದು ಕೇಳಿಸಿತ್ತು. 'ಕೊಣಾಕ ಸಾಂಗೂ ನಾಕಾ', ಯಾರಿಗೂ ಹೇಳಬೇಡ ಅಂದದ್ದೂ ಕೇಳಿಸಿತ್ತು. ಎರಡನ್ನೂ ಸಾವ್ಕಾರರಿಗೆ ಹೇಳಿದೆ. ಆ ಮಾತು ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸೋಮವಾರ ಡಿಸೋಜಾ ಅವರಿಂದ ಫೈಲು ಕಿತ್ತುಕೊಂಡರು. ಅವರನ್ನು ಹಿಂದಿನ ಗೇಟಿಗೆ, ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವುದನ್ನು ನೋಡಿಕೊಳ್ಳಲು ಹಾಕಿದರು. ಯಾಕೆ ಅಂತ ಹೇಳಲಿಲ್ಲ. ಅವರೂ ಕೇಳಲಿಲ್ಲ. ನನ್ನ ಮೇಜಿನ ಮುಂದೆ ಹಾಯುವಾಗ ಮಾತ್ರ ನಿಂತು, "ಬಾಯಿ, ಮಸ್ಕತ್ತಿಂದ ಫೋನ್ ಬಂದ್ರ ಹಿಂದ ಒಂದ ಕೂಗ ಹಾಕ್ರಿ" ಅಂದರು.

ಕಾಗದ ಓಡಾಡುವ ಕೆಲಸದಲ್ಲಿ ಇರುವವರು ಇದನ್ನು ನೆನಪಿಡಿ. ಅರ್ಧ ಕೇಳಿಸಿದ ಮಾತಿನಷ್ಟು ಕೆಟ್ಟದ್ದು ಯಾವುದೂ ಇಲ್ಲ. ಉಳಿದರ್ಧವನ್ನು ನಾವು ನಮ್ಮ ಅಳತೆಗೆ ಹೊಲಿದುಕೊಳ್ಳುತ್ತೇವೆ.

ತಿಂಗಳು ಕಳೆದು ಇನ್ನೊಂದು ವಿಚಾರಣೆ ಬಂತು. ಈ ಸಲ ಕೊನೆಯ ದರವನ್ನು ಸಾವ್ಕಾರರು ಯಾರಿಗೂ ಹೇಳಲಿಲ್ಲ. ಅಜ್ಜನ ಪ್ರತಿ ಖಾನಾಪುರಕ್ಕೆ ಹೋಯಿತು. ಮಂಗಳವಾರ ನಾನು ಎರಡೆರಡು ಸಲ ನೋಡಿ, ಬರಹ ಮೇಲೆ ಮಾಡಿ ಫ್ಯಾಕ್ಸು ಕಳಿಸಿದೆ. ಬುಧವಾರ ಉತ್ತರ. ಮತ್ತೆ ಸಾವ್ಕಾರರ ಮನಸ್ಸಿನಲ್ಲಿದ್ದ ಕೊನೆಯ ದರವೇ. ಒಂದು ದಿರಹಮ್ಮೂ ಆಚೀಚೆ ಇಲ್ಲ.

ಸಾವ್ಕಾರರು ಬಾಗಿಲು ಹಾಕಲು ಹೇಳಿದರು.

"ಡಿಸೋಜಾ ಗೇಟಿನ್ಯಾಗ ಅದಾನ. ಲೆಕ್ಕಾ ಹಾಕಿದ ಚೀಟಿ ನಾ ನಿಮ್ಮ ಟೇಬಲ್ ಮ್ಯಾಗ ಬಿಟ್ಟ ಹೋಗಿದ್ದೆ. ಈಗ ಉಳದಾವ್ರು ನಾವಿಬ್ರು."

"ನಾ ಆ ಚೀಟಿ ಮುಟ್ಟಿಲ್ರಿ ಸಾವ್ಕಾರ್ರ."

"ಹಂಗಾರ ನಾನಾ ಹೇಳಿದ್ನೇನು?"

ಅವರು ತಮ್ಮ ನೀಲಿ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

"ಅವ್ವ ಹೇಳಿ ಕೆಲಸಕ್ಕ ಇಟ್ಕೊಂಡೀನಿ, ಅದಕ್ಕ ಬಾಯಿಬಿಟ್ಟು ಏನೂ ಅನ್ನಾಂಗಿಲ್ಲ. ಶಾರ್ಜಾದಿಂದ ಓಮಾನಿನ ನೀರಿನ ಲೈನಿಂದು ದೊಡ್ಡ ಆರ್ಡರ್ ಬರೂದೈತಿ. ಅದರ ದರ ಕಳಸೂಣು. ಅದೂ ಹಿಂಗಾ ಆತಂದ್ರ, ಒಂದನೇ ತಾರೀಖಿನಿಂದ ನೀವು ಬರಬ್ಯಾಡ್ರಿ."

ಮನೆಯಲ್ಲಿ ಯಜಮಾನರು ಬೆನ್ನು ನೋವಿನಿಂದ ಮಲಗಿ ಎರಡು ವರ್ಷವಾಗಿತ್ತು. ಬರುತ್ತಿದ್ದ ಪಗಾರ ನನ್ನದೊಂದೇ. ಮಗಳಿಗಿನ್ನೂ ಕಾಲೇಜು. ನಲವತ್ತು ದಾಟಿದ ಹೆಂಗಸಿಗೆ, ಅದೂ ದರ ಮಾರಿಕೊಂಡಳು ಅನ್ನುವ ಹೆಸರು ಬಂದವಳಿಗೆ, ಬೆಳಗಾವಿಯಲ್ಲಿ ಇನ್ಯಾರು ಸ್ಟೂಲು ಕೊಟ್ಟಾರು?

ಸಾಲದ್ದಕ್ಕೆ ಅದೇ ವಾರ ಬೀಗರು ಬಾಳಪ್ಪ ಒಂದು ಕರಾರು ಪತ್ರ ತಂದರು. ಹತ್ತು ವರ್ಷ, ಕೊಲ್ಲಿಯ ಎಲ್ಲ ದೇಶಕ್ಕೂ ನಮ್ಮ ವಾಲ್ವ್ ಮಾರುವ ಹಕ್ಕು ಶಾರ್ಜಾದ ಅಳಿಯ ಒಬ್ಬನಿಗೇ. "ಬರೂ ಅಮಾಸಿಗೆ ಅಜ್ಜನ ಮುಂದ ಸಹಿ ಮಾಡಿಬಿಡೂಣ್ರಿ ಬೀಗರ. ಹೊರಗಿನ ಮಂದಿನ್ನ ನಂಬೂ ಕಾಲ ಅಲ್ಲ ಇದು" ಅಂದರು. ಹೇಳುವಾಗ ನನ್ನ ಮೇಜಿನ ಕಡೆ ನೋಡಿದರು. ಸಾವ್ಕಾರರು ತಲೆ ಆಡಿಸಿದರು.

ಓಮಾನಿನ ದರ ನಾನೇ ಟೈಪು ಮಾಡಿದೆ. ಒಂದು ವಾಲ್ವಿಗೆ ಐವತ್ತೆರಡು. ಸೋಮವಾರ ಬೆಳಿಗ್ಗೆ ಸಾವ್ಕಾರರು ಅಜ್ಜನ ಪ್ರತಿ ಹಿಡಿದು ಖಾನಾಪುರಕ್ಕೆ ಹೋಗಿ, ಹನ್ನೊಂದಕ್ಕೆಲ್ಲ ತಿರುಗಿ ಬಂದರು. ನಾನು ಹಲ್ಲು ನೋವು ಅಂತ ಅರ್ಧ ದಿನ ರಜೆ ಹಾಕಿ ಖಾನಾಪುರದ ಬಸ್ಸು ಹತ್ತಿದೆ. ಏನನ್ನೋ ಕಂಡುಹಿಡಿಯಲು ಹೊರಟವಳಲ್ಲ. ತೋಟದ ಮನೆಯಲ್ಲಿದ್ದ, ನನಗೆ ಸ್ಟೂಲು ಕೊಡಿಸಿದ ನೀಲವ್ವನವರ ಕಾಲು ಹಿಡಿದು, ಮಗನಿಗೆ ಒಂದು ಮಾತು ಹೇಳಿರಿ ಅಂತ ಕೇಳಲು ಹೊರಟಿದ್ದೆ, ಅಷ್ಟೆ.

ನೀಲವ್ವನವರಿಗೆ ಆಗ ಎಂಬತ್ತರ ಹತ್ತಿರ. ಸಾಲಿಯ ಮುಖ ಕಂಡವರಲ್ಲ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದರು. ನನ್ನ ಅಳು ಎಲ್ಲ ಕೇಳಿಸಿಕೊಂಡು, "ಅಳೂದ ಮುಗೀತಿಲ್ಲೋ? ಕಸಬರಗಿ ತೊಗೊ. ಗದ್ದಿಗಿ ಕಸಾ ಹೊಡದ ಬರೂಣು" ಅಂದರು.

ನಾನು ಕಸ ಹೊಡೆದೆ. ಗದ್ದಿಗೆ ಒರೆಸಲು ತೆಂಗಿನಕಾಯಿ ಎತ್ತಿದರೆ ಅಡಿಯಲ್ಲಿ ನಾನೇ ಟೈಪು ಮಾಡಿದ ಕಾಗದ. ನಾನು ಟೈಪು ಮಾಡದ ಒಂದು ಸಾಲೂ ಇತ್ತು. ಕೆಳಗೆ, ಸಾವ್ಕಾರರ ಕೈಬರಹದಲ್ಲಿ: 'ಅಜ್ಜಾ, ಮೇಲಿನದು ವ್ಯಾಪಾರದ ಮಾತು. ಖರೇ ದರ 41. ಇದರಾಗ ನಡಸಿಕೊಡು.'

ನಿಮಗೆ ನಗು ಬರಬಹುದು. ಅವರಿಗೆ ಅದು ನಗುವ ಮಾತಲ್ಲ. ಗಿರಾಕಿಗೆ ಐವತ್ತೆರಡು ಅನ್ನಬಹುದು. ಗದ್ದಿಗೆಯ ಮುಂದೆ ಐವತ್ತೆರಡು ಅಂದರೆ ಸುಳ್ಳಾಗುತ್ತದೆ. ಹಾಗಾಗಿ ಪ್ರತಿ ಸಲ ಖರೇ ದರ ಬರೆದು ಇಟ್ಟು ಹೋಗುತ್ತಿದ್ದರು. ಯಾರಿಗೂ ಹೇಳಿಲ್ಲ ಅಂತ ನನ್ನ ಮುಂದೆ ಹೇಳಿದ್ದೂ ಅವರ ಪ್ರಕಾರ ಸತ್ಯವೇ. ಅಜ್ಜನಿಗೆ ಹೇಳಿದ್ದನ್ನು ಯಾರಿಗೋ ಹೇಳಿದ್ದು ಅಂತ ಯಾರು ಎಣಿಸುತ್ತಾರೆ?

"ಅವ್ವಾರ, ಇಲ್ಲಿ ಯಾರ್ಯಾರು ಬರ್ತಾರ್ರಿ?"

"ಯಾರ ಬರ್ತಾರ ಈ ತ್ವಾಟಕ್ಕ? ಬೀಗರು ದಿನಾ ಸಂಜಿಕ ಬಂದು ಅರ್ಧಾ ತಾಸು ಧ್ಯಾನಾ ಮಾಡತಾರ. ಭಾಳ ಭಕ್ತಿ ಅವರ್ದು. ಕಣ್ಣಿಗೆ ಚಾಳೀಸ ಹಾಕ್ಕೊಂಡ ಕುಂದರ್ತಾರ."

"ಧ್ಯಾನಕ್ಕ ಚಾಳೀಸ ಯಾಕ್ರೀ?"

ನೀಲವ್ವನವರು ನನ್ನ ಮುಖ ನೋಡಿದರು.

ಅಷ್ಟು ಹೊತ್ತಿಗೆ ನನಗೆ ಅಪ್ಪನ ಕೆಮ್ಮಣ್ಣು ನೆನಪಾಗಿತ್ತು. ಕೈಚೀಲದಲ್ಲಿ ಪೆನ್ನಿತ್ತು, ಸಾವ್ಕಾರರು ಬರೆಯುವಂಥದೇ ನೀಲಿ. 41ರ ಒಂದಕ್ಕೆ ತಲೆಯ ಮೇಲೊಂದು ಅಡ್ಡ ಗೀಟು ಎಳೆದರೆ 47 ಆಗುತ್ತದೆ. ಶಾರ್ಜಾದಿಂದ ಉತ್ತರ ನಲವತ್ತೊಂದು ಅಂತ ಬಂದರೆ ಕಳ್ಳ ಬೇರೆ ಯಾರೋ. ನಲವತ್ತೇಳು ಅಂತ ಬಂದರೆ ನಮ್ಮ ಕುರಿ ಈ ಹಟ್ಟಿಗೇ ಬಂದು ಹೋಗಿದೆ.

"ಅವ್ವಾರ, ಈ ಕಾಗದಾ ನಾ ಒಂದೀಟು ತಿದ್ದಬೇಕ್ರಿ. ಪಾಪ ಬರತೈತೇನು?"

"ಅಜ್ಜಗ ನಾ ಹೇಳ್ಕೋತೀನಿ. ನೀ ತಿದ್ದು."

ಹೆದರಿಕೊಂಡೇ ಎಳೆದೆ. ಗೀಟು ಗಿಡ್ಡವಾಯಿತು. ಹಿಂದಿನಿಂದ ಬಗ್ಗಿ ನೋಡುತ್ತಿದ್ದ ನೀಲವ್ವನವರು, "ಮ್ಯಾಲಿನ ಗೀಟು ಇನ್ನೊಂದೀಟು ಎಳಿ" ಅಂದರು. ಎಳೆದೆ. ಕಾಯಿ ಮೊದಲಿನ ಹಾಗೆ ಹೇರಿ ಬಸ್‌ಸ್ಟ್ಯಾಂಡಿಗೆ ಓಡಿದೆ. ತೋಟದ ದಾರಿಯಲ್ಲಿ ಬೀಗರು ಬಾಳಪ್ಪ ಎದುರಿಗೆ ಬರುವುದು ಕಂಡು ಸೆರಗು ಮುಖಕ್ಕೆ ಎಳೆದುಕೊಂಡೆ. ಅವರ ಅಂಗಿಯ ಜೇಬಿನಿಂದ ಚಾಳೀಸಿನ ಕಡ್ಡಿ ಹೊರಗೆ ಇಣುಕುತ್ತಿತ್ತು.

ಮಂಗಳವಾರ ಫ್ಯಾಕ್ಸು ಹೋಯಿತು. ಬುಧವಾರ ಬೆಳಿಗ್ಗೆಯಿಂದ ಯಂತ್ರದ ಮುಂದೆ ಕೂತಿದ್ದೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವಾಗ ಅದು ಕಿರುಗುಟ್ಟಿತು. ಹಾಳೆ ಇಂಚಿಂಚೇ ಹೊರಗೆ ಬಂತು. 'ಐವತ್ತೆರಡು ಜಾಸ್ತಿ. ನಲವತ್ತೇಳು ನಮ್ಮ ಕೊನೆಯ ಮಾತು.'

ಒಯ್ದು ಸಾವ್ಕಾರರ ಮುಂದಿಟ್ಟೆ. ಅವರು ಓದಿದರು. ಮತ್ತೆ ಓದಿದರು. ನಲವತ್ತೊಂದನ್ನು ನಿರೀಕ್ಷಿಸಿ, ನನ್ನನ್ನು ಕಳಿಸುವ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ಕೂತಿದ್ದವರು.

"ಇದೇನಿದು? ನಲ್ವತ್ತೇಳು ಎಲ್ಲಿಂದ ಬಂತು?"

"ಗದ್ದಿಗಿ ಮ್ಯಾಗಿಂದ ಬಂತ್ರಿ" ಅಂದೆ. ಕಾಯಿ, ಚಾಳೀಸು, ಗೀಟು ಎಲ್ಲ ಹೇಳಿದೆ. ಹಲ್ಲು ನೋವಿನ ಸುಳ್ಳೂ ಹೇಳಿದೆ.

ಅವರ ಕೈ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಹೋಯಿತು. ಬೀಗರನ್ನು ಬಯ್ಯುತ್ತಾರೆ ಅಂತ ಕಾಯುತ್ತಿದ್ದೆ.

"ಅಜ್ಜನ ಮುಂದಿಟ್ಟ ಅಂಕಿ ತಿದ್ದಿದ್ರಿ?" ಅಂದರು.

"ತಿದ್ದಿದೆ ರೀ. ಅವ್ವಾರ್ನ ಕೇಳೇ ತಿದ್ದಿದೆ."

"ಅವ್ವಗ ಏನ ತಿಳೀತೈತಿ!" ಅಂತ ಎದ್ದು ಕಿಟಕಿಯ ಹತ್ತಿರ ಹೋದರು. ಬೆನ್ನು ನನ್ನ ಕಡೆ. "ಬೀಗರಿಗೆ ಒಂದ ಮಾತು ಅನ್ನಾಂಗಿಲ್ಲ. ಯಾರ ಮುಂದೂ ಅನ್ನಾಂಗಿಲ್ಲ. ನಮ್ಮ ಗೌರಿ ಆ ಮನ್ಯಾಗ ಅದಾಳ."

ಯಾರೂ ಅನ್ನಲಿಲ್ಲ. ಸಾವ್ಕಾರರು ನಲವತ್ತೇಳಕ್ಕೆ ಆರ್ಡರು ಒಪ್ಪಿಕೊಂಡರು. ಅಮಾವಾಸ್ಯೆಗೆ ಬೀಗರು ಕರಾರು ಪತ್ರ ಹಿಡಿದು ಗದ್ದಿಗೆಗೆ ಬಂದಾಗ, "ಅಜ್ಜನ ಅಪ್ಪಣಿ ಆಗವಲ್ದರಿ ಬೀಗರ" ಅಂತ ಕೈ ಮುಗಿದರಂತೆ. ಗದ್ದಿಗೆಗೆ ದಿನವೂ ಧ್ಯಾನಕ್ಕೆ ಬರುವ ಮನುಷ್ಯ ಅದಕ್ಕೆ ಏನು ಹೇಳಿಯಾರು? ಮುಂದೆ ಅಜ್ಜನ ಪ್ರತಿ ಟೈಪು ಮಾಡಲು ಹೋದರೆ ಸಾವ್ಕಾರರು, "ಒಂದ ಖಾಲಿ ಹಾಳಿ ಕೊಡ್ರಿ ಸಾಕು. ಅಜ್ಜಗ ಎಲ್ಲಾ ಗೊತ್ತಿರತೈತಿ" ಅನ್ನುತ್ತಿದ್ದರು. ಬೀಗರ ಧ್ಯಾನ ವಾರಕ್ಕೊಮ್ಮೆ ಆಯಿತು, ಆಮೇಲೆ ಹಬ್ಬಕ್ಕೊಮ್ಮೆ ಆಯಿತು.

ನನ್ನ ಕುರ್ಚಿ ಉಳಿಯಿತು. ಡಿಸೋಜಾ ಅವರಿಗೆ ಫೈಲು ತಿರುಗಿ ಬಂತು. ನಾನು ಹಿಂದಿನ ಗೇಟಿಗೆ ಹೋಗಿ, ಸಾವ್ಕಾರರಿಗೆ ಏನೇನು ಹೇಳಿದ್ದೆ ಅನ್ನುವುದನ್ನೆಲ್ಲ ಅವರ ಮುಂದೆ ಒಪ್ಪಿಕೊಂಡೆ. ಅವರು ಮೊಳೆಯ ಡಬ್ಬಿ ಮುಚ್ಚಿದರು.

"ನೀವು ಕೇಳ್ತಿದ್ರಿ ಅನ್ನೂದು ನನಗ ಗೊತ್ತಿತ್ತು ಬಾಯಿ. ನಿಮ್ಮ ಉಸಿರು ಕೇಳಸ್ತಿತ್ತು."

"ಮತ್ತ ಆ ರೇಟ್..."

"ನೆಹರು ನಗರದ ದವಾಖಾನಿ ರೂಮಿನ ರೇಟ್. ನಮ್ಮಾಕಿಗೆ ಆಪರೇಶನ್ ಇತ್ತು. ಅವರವ್ವಗ ಎದಿ ಬ್ಯಾನಿ ಐತಿ, ಅದಕ್ಕ ಯಾರಿಗೂ ಹೇಳಬ್ಯಾಡ ಅಂದೆ. ದಿನಾ ಕೇಳ್ತಾರಲ್ಲ, ಒಂದಿನ ಬಾಯಿ ತಗದು 'ಮನಿಯಾಗ ಹ್ಯಾಂಗ ಅದಾರ' ಅಂತ ಕೇಳ್ಯಾರು ಅನ್ಕೊಂಡಿದ್ದೆ. ಕೇಳಲಿಲ್ಲ ನೀವು."

ಅಷ್ಟು ಹೇಳಿ ಫೈಲು ಎತ್ತಿಕೊಂಡು ಒಳಗೆ ಹೋದರು. ಅವತ್ತಿನಿಂದ ನಿಯಮದ ಪ್ರಕಾರ ರಿಸೀವರು ಇಡಲು ಶುರು ಮಾಡಿದೆ. ಮೂರು ತಿಂಗಳು ನಡೆಯಿತು.

ಮುಂದಿನ ವರ್ಷ ನಾವು ಮಸ್ಕತ್ತಿಗೆ ನೇರವಾಗಿ ಮಾಲು ಕಳಿಸಿದೆವು. ಅಲ್ಲಿ ಗಿರಾಕಿ ಹುಡುಕಿ ಕೊಟ್ಟದ್ದು ಯಾರು ಅಂತೀರಿ? ಡಿಸೋಜಾ ಅವರ ಹೆಂಡತಿಯ ಅಣ್ಣ. ಒಂದು ಮನೆಯ ಅಳಿಯನ ಕೈಯಿಂದ ಬಿಡಿಸಿಕೊಂಡು ಇನ್ನೊಂದು ಮನೆಯ ಭಾವನ ಕೈಗೆ ಹೋದೆವು. ಆ ಮನುಷ್ಯ ಒಳ್ಳೆಯವನೇ. ಆದರೂ ನಾನು ಎರಡು ವರ್ಷ ಅವನ ಒಂದೊಂದು ಫ್ಯಾಕ್ಸನ್ನೂ ಬೆಳಕಿಗೆ ಹಿಡಿದು ನೋಡಿದೆ. ಹುಡುಗರೇ, ನಿಮ್ಮ ಕಂಪನಿ ಹನ್ನೊಂದು ದೇಶಕ್ಕೆ ಹೋಗಿದ್ದರೆ, ಒಂದೊಂದು ದೇಶದ ಬಾಗಿಲಲ್ಲೂ ಯಾರ ಅಕ್ಕನ ಮಗ ನಿಂತಿದ್ದಾನೆ ಅಂತ ಒಮ್ಮೆ ವಿಚಾರಿಸಿರಿ. ಅವನು ಇರುವುದು ತಪ್ಪಲ್ಲ. ಅವನಿಲ್ಲದೆ ನಮ್ಮಂಥವರಿಗೆ ಯಾರೂ ಬಾಗಿಲು ತೆಗೆಯುವುದಿಲ್ಲ. ಅವನು ಯಾರ ಕಡೆಯವನು ಅನ್ನುವುದು ಮಾತ್ರ ಗೊತ್ತಿರಲಿ.

ನನಗೇ ಅದು ಪೂರ್ತಿ ಗೊತ್ತಾಗಿರಲಿಲ್ಲ.

ಆ ಓಮಾನಿನ ಆರ್ಡರು ಆಗಿ ಎಂಟು ತಿಂಗಳ ಮೇಲೆ ಗೌರಿಗೆ ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನ ಖಾನಾಪುರಕ್ಕೆ ಹೋಗಿದ್ದೆ. ಹೆಂಗಸರೆಲ್ಲ ಊಟಕ್ಕೆ ಎದ್ದ ಮೇಲೆ ನೀಲವ್ವನವರ ಬಾಜು ಕೂತೆ. ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸುತ್ತ, "ಹದಿನೇಳಕ್ಕ ಸೋಮವಾರ ಬರತೈತಿ. ಗದ್ದಿಗಿಗೆ ಕೂಸಿನ್ನ ಅವತ್ತ ಒಯ್ಯೂಣು" ಅಂದರು.

ಹದಿನೇಳು. ಬೆರಳು ಸರಿಯಾಗಿ ಏಳರ ಮೇಲಿತ್ತು. ಮೇಲಿನ ಗೀಟು ಇನ್ನೊಂದೀಟು ಎಳಿ ಅಂದಿದ್ದರಲ್ಲ!

"ಅವ್ವಾರ, ನಿಮಗ ಓದಾಕ ಬರ್ತೈತೇನ್ರಿ?"

"ಅಕ್ಷರಾ ಬರಾಂಗಿಲ್ಲ. ಅಂಕಿ ಬರ್ತಾವ. ಇಪ್ಪತ್ತ ವರ್ಷ ಈ ಕೈಯಾಗ ಸಂತಿ ಮಾಡೀನಿ."

"ಹಂಗಾರ ಬೀಗರು ಅಲ್ಲಿ ಕುಂತು ಏನ್ ಓದ್ತಾರ ಅನ್ನೂದು..."

"ಮದ್ಲಿಂದಾ ಗೊತ್ತಿತ್ತು." ಎಲೆಗೆ ಸುಣ್ಣ ಹಚ್ಚುತ್ತ, ಹುಣಸೆಹಣ್ಣಿನ ಸುದ್ದಿ ಹೇಳುವವರ ಹಾಗೆ ಹೇಳಿದರು. "ಗೌರಿ ಆ ಮನಿಗೆ ಹ್ವಾದ ವರ್ಷ ಒಂದ ಹಬ್ಬಕ್ಕೂ ಅಕಿನ್ನ ಕಳಸ್ಲಿಲ್ಲ. ಶಾರ್ಜಾದ್ದು ಚಲೋ ನಡದ ಮ್ಯಾಲೆ ತಾವಾ ಗಾಡಿ ಮಾಡಿ ಕಳಸಾಕ ಹತ್ತಿದ್ರು. ನಾ ಯಾಕ ಬಾಯಿ ತಗೀಲಿ?"

"ಮತ್ತ ನನಗ ತಿದ್ದಾಕ ಯಾಕ ಬಿಟ್ರಿ?"

"ನಿನಗ ಸ್ಟೂಲ್ ಕೊಡಿಸಿದಾಕಿ ನಾನಾ. ನೀನೂ ಉಳೀಬೇಕು, ನಮ್ಮ ಗೌರೀನೂ ಉಳೀಬೇಕು. ಏಳಕ್ಕ ಇಬ್ರೂ ಉಳೀತಿದ್ರಿ." ಎಲೆ ಮಡಚಿ ಬಾಯಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು. "ಆದ್ರ ನೀ ಹೆದರಿ ಸಣ್ಣಾಗಿ ತಿದ್ದಿದಿ. ಒಂಬತ್ತು ಮಾಡಿದ್ರೂ ಶಾರ್ಜಾದಾವ್ರು ಕೊಡೂವ್ರಿದ್ರು."

ಶಾರ್ಜಾದವನ ಕೊನೆಯ ದರ ನಲವತ್ತೊಂಬತ್ತು ಅನ್ನುವುದು ಆಕೆಗೆ ಹೇಗೆ ಗೊತ್ತು, ಹೇಳಿದವರು ಯಾರು ಅಂತ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಳಪ್ಪನವರು ಕುಂದಾದ ತಟ್ಟೆ ಹಿಡಿದು ಬಂದರು. ಮೊದಲ ತುಂಡನ್ನು ನೀಲವ್ವನವರ ಕೈಯಲ್ಲಿ ಇಟ್ಟರು.